ಮನೆಯಲ್ಲೇ ಪಿನ್ಯಾ ಕೊಲಾಡ, ನಾವೇ ಹಿಂಡಿದ ಕಾಯಿಹಾಲಿನಲ್ಲಿ

ಏಪ್ರಿಲ್ ತಿಂಗಳ ದಾವಣಗೆರೆ ಗೊತ್ತಲ್ವಾ, ರಾತ್ರಿ ಎಂಟಾದರೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಆ ಹೊತ್ತಿಗೆ ರಮ್ಮಿಗೆ ಸುಮ್ನೆ ಕೋಲಾ ಸುರಿಯುವ ಬದಲು, ಅನಾನಸ್ ರಸ ಮತ್ತು ಕಾಯಿಹಾಲು ಬೆರೆಸಿ ಪಿನ್ಯಾ ಕೊಲಾಡ ಮಾಡಿ ನೋಡಿ. ಇದು ಕೆರಿಬಿಯನ್‌ನ ಪೋರ್ಟೊ ರಿಕೋ ದ್ವೀಪದ್ದು, 1978ರಲ್ಲಿ ಅಲ್ಲಿನವರು ಇದನ್ನು ತಮ್ಮ ಅಧಿಕೃತ ಪಾನೀಯ ಅಂತಲೇ ಸಾರಿದರು. ಹೆಸರಿನ ಅರ್ಥ ಸೋಸಿದ ಅನಾನಸ್, ಅಷ್ಟೇ.

ಇದರ ಜೀವವೆಲ್ಲ ಕಾಯಿಹಾಲಿನಲ್ಲಿದೆ. ಡಬ್ಬಿಯದ್ದು ಬೇಡ. ಹೊಸದುರ್ಗದ ಕಡೆಯ ಬಲಿತ ಕಾಯಿ ಸಿಕ್ಕರೆ ಒಂದು ಹೋಳು ತುರಿದು, ಕಾಲು ಲೋಟ ಬೆಚ್ಚನೆಯ ನೀರು ಹಾಕಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಶಾವಿಗೆಗೆ ಮಾಡುತ್ತೇವಲ್ಲ, ಹಾಗೇ, ಆದರೆ ಮೊದಲ ಹಾಲು ಮಾತ್ರ. ನಾನು ಮೊದಲ ಸಲ ಎರಡನೇ ಹಾಲನ್ನೂ ಸೇರಿಸಿದ್ದೆ, ಐಸ್ ಕರಗುತ್ತಿದ್ದಂತೆ ಎಲ್ಲ ನೀರು ಮಜ್ಜಿಗೆಯಾಯಿತು. ಬೆರಳು ಅದ್ದಿ ಎತ್ತಿದರೆ ಹಾಲು ಬೆರಳಿಗೆ ಅಂಟಿಕೊಂಡಿರಬೇಕು.

ಅನಾನಸ್ ಕೊಳ್ಳುವಾಗ ಬುಡ ಮೂಸಿ ನೋಡಿ, ಘಮ್ ಅನ್ನಬೇಕು. ರಸ ತೆಗೆದು ಸೋಸಿಕೊಳ್ಳಿ.

ಒಂದು ಗ್ಲಾಸಿಗೆ ರಮ್ 60 ಮಿಲಿ, ಅನಾನಸ್ ರಸ 90, ಕಾಯಿಹಾಲು 45, ಸಕ್ಕರೆ ಪಾಕ 15, ನಿಂಬೆರಸ 10, ಚಿಟಿಕೆ ಉಪ್ಪು. ಮೂಲದಲ್ಲಿ ಬಿಳಿ ರಮ್ ಹಾಕುತ್ತಾರೆ. ನನಗೆ ನಮ್ಮ ಕಪ್ಪು ರಮ್ಮು ಓಲ್ಡ್ ಮಾಂಕೇ ಇಷ್ಟ, ಅದರ ವೆನಿಲಾ ವಾಸನೆ ತೆಂಗಿನ ಜೊತೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಆದರೆ ಅದರಲ್ಲಿ ಆಲ್ಕೋಹಾಲ್ 42.8%, ಸಿಹಿಯಲ್ಲಿ ಅದು ಗೊತ್ತೇ ಆಗುವುದಿಲ್ಲ, ಹಾಗಾಗಿ ಅಳೆಯದೆ ಸುರಿಯಬೇಡಿ, ಕುಡಿದ ಮೇಲೆ ಗಾಡಿ ಮುಟ್ಟಲೂಬೇಡಿ.

ಐಸ್ ಹಾಕುವ ಮೊದಲು ಒಂದು ಚಮಚ ರುಚಿ ನೋಡಿ. ಆಗ ಸ್ವಲ್ಪ ಜಾಸ್ತಿ ಸಿಹಿ ಅನ್ನಿಸಬೇಕು, ಯಾಕೆಂದರೆ ತಣ್ಣಗಾದ ಮೇಲೆ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಆಮೇಲೆ ಮುಚ್ಚಳ ಗಟ್ಟಿಯಿರುವ ಸ್ಟೀಲ್ ಡಬ್ಬಿಗೆ ಸುರಿದು, ಆರೇಳು ತುಂಡು ಐಸ್ ಹಾಕಿ, ಹದಿನೈದು ಸೆಕೆಂಡು ಜೋರಾಗಿ ಕುಲುಕಿ. ಡಬ್ಬಿಯ ಮೈ ಬೆವರಿ, ಹಿಡಿದ ಕೈ ಮರಗಟ್ಟುವ ಹಾಗಾದಾಗ ಸಾಕು. ಹೊಸ ಐಸ್ ಇರುವ ಗ್ಲಾಸಿಗೆ ಸೋಸಿ. ಮೇಲೆ ಜಾಜಿಕಾಯಿ ತುರಿಯಿರಿ, ಅದು ಪಕ್ಕದ ವರ್ಜಿನ್ ದ್ವೀಪಗಳ ಪೇನ್‌ಕಿಲ್ಲರ್ ಅನ್ನುವ ಪಾನೀಯದ ಪದ್ಧತಿ, ಇದಕ್ಕೂ ಬಹಳ ಒಪ್ಪುತ್ತದೆ.

ಮೊದಲು ಮೂಸಿ. ಒಂದು ಗುಟುಕು ನಾಲಿಗೆ ಮೇಲೆ ಇಟ್ಟುಕೊಂಡು ನುಂಗಿ, ಮೂಗಿನಿಂದ ಉಸಿರು ಬಿಡಿ: ಮೊದಲು ಅನಾನಸ್, ಆಮೇಲೆ ತೆಂಗು, ಕೊನೆಗೆ ಗಂಟಲಲ್ಲಿ ರಮ್ಮಿನ ಬಿಸಿ ಬರಬೇಕು. ಸಿಹಿ ಮುಖಕ್ಕೆ ಹೊಡೆದರೆ ಅರ್ಧ ಚಮಚ ನಿಂಬೆರಸ. ಸಪ್ಪೆ ಅನ್ನಿಸಿದರೆ ಪಾಕಕ್ಕೆ ಕೈ ಹಾಕುವ ಮೊದಲು ಇನ್ನೊಂದು ಹರಳು ಉಪ್ಪು ಹಾಕಿ ನೋಡಿ. ಐದು ನಿಮಿಷ ಬಿಟ್ಟು ಮತ್ತೆ ರುಚಿ ನೋಡಿ, ಐಸ್ ಕರಗಿ ಎಷ್ಟು ಬದಲಾಗಿದೆ ಅಂತ ಗೊತ್ತಾಗುತ್ತದೆ, ಮುಂದಿನ ಸಲದ ಅಳತೆ ಅಲ್ಲೇ ಸಿಗುತ್ತದೆ.

ಜೊತೆಗೆ ಖಾರ ಮಂಡಕ್ಕಿ, ಬಿಸಿ ಮಿರ್ಚಿ ಇರಲಿ. ಖಾರದ ಮೇಲೆ ಒಂದು ಗುಟುಕು ಹೋದರೆ ಕಾಯಿಹಾಲು ಉರಿ ಇಳಿಸುತ್ತದೆ. ಹಿಂಡಿದ ಹಾಲು ಉಳಿದರೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಬೆಳಿಗ್ಗೆ ಶಾವಿಗೆಗಾಗುತ್ತದೆ.