ಕಣ್ಣಿನ ಪಾಪೆ ಯಾಕೆ ಪಾಪೆ? ಒಂದು ಪದದ ಬೇರು ಹುಡುಕೋದು ಹೇಗೆ

ಕಣ್ಣಿನ ಮಧ್ಯದ ಕಪ್ಪು ಬೊಟ್ಟಿಗೆ ಇಂಗ್ಲಿಷಲ್ಲಿ ಪ್ಯೂಪಿಲ್, ಸ್ಕೂಲ್ ಮಕ್ಕಳಿಗೂ ಪ್ಯೂಪಿಲ್. ಇದೇನಪ್ಪಾ ಹಿಂಗೆ ಅಂತ ಒಂದಿನ ತಲೆಕೆಟ್ಟು ಹುಡುಕೋಕೆ ಕೂತೆ, ಆ ದಾರಿನೇ ಇಲ್ಲಿ ಹೇಳ್ತೀನಿ, ಬೇರೆ ಪದಕ್ಕೂ ಬರುತ್ತೆ.

ಮೊದಲು ಅಕ್ಕಪಕ್ಕದ ಭಾಷೆಗಳಲ್ಲಿ ಏನಂತಾರೆ ಬರ್ಕೊಳ್ಳಿ. ಫ್ರೆಂಚ್ ಪ್ಯುಪಿಯ್, ಇಟಾಲಿಯನ್ ಪುಪಿಲ್ಲಾ, ಜರ್ಮನ್ ಪುಪಿಲ್ಲೆ, ಸ್ಪ್ಯಾನಿಷ್ ಪುಪೀಲಾ. ಅಬ್ಬಾ ಎಷ್ಟೊಂದು ಸಾಕ್ಷಿ ಅಂತ ಖುಷಿ ಪಡಬೇಡಿ, ಎಲ್ಲಾ ಲ್ಯಾಟಿನ್ ಮನೆಯಿಂದ ಬಂದಿರೋದು, ನಾಲ್ಕೂ ಸೇರಿ ಒಂದೇ ಸಾಕ್ಷಿ. ನಾನು ಮೊದಲು ಎಡವಿದ್ದು ಇಲ್ಲೇ.

ಆಮೇಲೆ ಬಾಲ ನೋಡಿ. ಲ್ಯಾಟಿನ್‌ನಲ್ಲಿ ಪುಪಾ ಅಂದ್ರೆ ಹುಡುಗಿ, ಗೊಂಬೆ ಅಂತಾನೂ ಅರ್ಥ ಇದೆ. ಅದಕ್ಕೆ ಪುಟ್ಟದು ಅಂತ ಹೇಳೋ ‘-ಇಲ್ಲಾ’ ಅನ್ನೋ ಲ್ಯಾಟಿನ್ ಬಾಲ ಸೇರಿದ್ರೆ ಪುಟ್ಟ ಗೊಂಬೆ, ಅದೇ ಪುಪಿಲ್ಲಾ. ಅಪ್ಪ ಇಲ್ಲದೆ ಪೋಷಕರ ಕೈಕೆಳಗಿರೋ ಮಗುಗೂ ರೋಮನ್ನರು ಇದೇ ಪದ ಬಳಸ್ತಿದ್ರು, ಸ್ಕೂಲ್ ಪ್ಯೂಪಿಲ್ ಬಂದಿದ್ದು ಆ ಕಡೆಯಿಂದ. ಚಿಟ್ಟೆ ಆಗೋಕೆ ಮುಂಚಿನ ಪ್ಯೂಪಾನೂ ಇದೇ ಗೊಂಬೆ.

ಈಗ ಡಾಕ್ಟರ್ ಪದ ಬಿಟ್ಟು ಮನೆಮಾತು ಹುಡುಕಿ, ನನ್ನ ಕೇಳಿದ್ರೆ ಮಜಾ ಇರೋದೇ ಇಲ್ಲಿ. ಸ್ಪೇನ್‌ನಲ್ಲಿ ನೀನ್ಯಾ ದೆಲ್ ಓಹೊ, ಪೋರ್ಚುಗೀಸಲ್ಲಿ ಮೆನೀನಾ ದೊ ಓಲ್ಯು, ಎರಡೂ ಕಣ್ಣಿನ ಹುಡುಗಿ ಅಂತಾನೇ. ಎಲ್ಲಾ ಕಡೆ ಹುಡುಗೀನೇ ಸಿಗುತ್ತೆ ಅಂದ್ಕೋಬೇಡಿ ಮತ್ತೆ, ಫ್ರೆಂಚರ ಇನ್ನೊಂದು ಪದ ಪ್ರುನೆಲ್, ಅಂದ್ರೆ ಸಣ್ಣ ಕಾಡು ಪ್ಲಮ್ ಹಣ್ಣು, ರಷ್ಯನ್ನರ ಜ್ರಚೋಕ್ ನೋಡು ಅನ್ನೋ ಧಾತುವಿಂದ ಬಂದಿದ್ದು, ಹಂಗೇರಿಯವರಿಗಂತೂ ಅದು ಕಣ್ಣಿನ ಜೀರುಂಡೆ!

ಇನ್ನೂ ಹಳೇದಕ್ಕೆ ಹೋಗಿ. ಗ್ರೀಕ್‌ನಲ್ಲಿ ಕೋರೆ, ಅದೂ ಹುಡುಗಿ, ಗೊಂಬೆ, ಪಾಪೆ ಮೂರೂ. ಒಂದು ಪಾಪೆ ದೊಡ್ಡದು ಒಂದು ಚಿಕ್ಕದು ಇದ್ರೆ ಕಣ್ಣಿನ ಡಾಕ್ಟ್ರು ಅನೈಸೊಕೋರಿಯಾ ಅಂತ ಬರೀತಾರಲ್ಲ, ಅದರೊಳಗೆ ಕೂತಿರೋದು ಇದೇ ಕೋರೆ. ಪ್ಲೇಟೊ ಹೆಸರಲ್ಲಿರೋ ಆಲ್ಕಿಬಿಯಾಡೀಸ್ ಸಂಭಾಷಣೆಯಲ್ಲಿ ಕಾರಣಾನೂ ಇದೆ, ಇನ್ನೊಬ್ಬರ ಕಣ್ಣಿಗೆ ಇಣುಕಿದ್ರೆ ನಮ್ಮದೇ ಮುಖ ಕನ್ನಡಿ ಥರ ಕಾಣುತ್ತೆ, ಅದಕ್ಕೇ ಆ ಹೆಸರು ಅಂತ.

ಓದಿ ನಂಬೋದಕ್ಕಿಂತ ಮಾಡಿ ನೋಡಿ. ಬೆಳಕು ನಿಮ್ಮ ಮುಖದ ಮೇಲೆ ಬೀಳೋ ಹಾಗೆ ಕೂತು ಮನೆಯವರ ಕಣ್ಣನ್ನ ಸುಮಾರು 30 ಸೆಂ.ಮೀ. ದೂರದಿಂದ ನೋಡಿ. ನಾನು ಅಕ್ಕನ ಮಗಳನ್ನ ಕೂರಿಸ್ಕೊಂಡೆ, ಅವಳು ನಕ್ಕು ನಕ್ಕು ರೆಪ್ಪೆ ಬಡೀತಾನೇ ಇದ್ಲು, ಕೊನೆಗೂ ಕಾಣಿಸ್ತು, ಎಳ್ಳುಕಾಳಿನಷ್ಟು ನಾನು! ಲೆಕ್ಕಾನೂ ಸರಿಹೋಗುತ್ತೆ: ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿರೋ ಪಾರದರ್ಶಕ ಪದರ, ಉಬ್ಬುಗನ್ನಡಿ ಇದ್ದಂಗೆ, ಅದರ ತ್ರಿಜ್ಯ ಹತ್ತಿರ ಹತ್ತಿರ 7.8 ಮಿ.ಮೀ., ಹಂಗಾಗಿ 20 ಸೆಂ.ಮೀ. ಮುಖ 2.5 ಮಿ.ಮೀ. ಗೊಂಬೆ ಆಗುತ್ತೆ. ಬಿಂಬ ಮಾಡೋದು ಕಾರ್ನಿಯಾನೇ, ಆದ್ರೆ ಹಿಂದೆ ಕಪ್ಪು ಇರೋದ್ರಿಂದ ಪಾಪೆ ಒಳಗೇ ಕೂತಂಗೆ ಕಾಣುತ್ತೆ.

ಕೊನೆಗೆ ನಮ್ಮ ಕಡೆ ತಿರುಗಿ. ಕನ್ನಡದ ಪಾಪೆಗೂ ಗೊಂಬೆ ಅನ್ನೋ ಅರ್ಥ ಇದೆ, ತೆಲುಗಲ್ಲಿ ಕಂಟಿಪಾಪ, ತಮಿಳಲ್ಲಿ ಪಾವೈ, ಹಿಂದಿ ಪುತಲಿ, ಸಂಸ್ಕೃತದ ಕನೀನಿಕಾ ಕೂಡ ಹುಡುಗಿ ಕಡೆಗೇ ಹೋಗುತ್ತೆ. ಇಲ್ಲೊಂದು ಹುಷಾರು, ಪುಪಾ ಪಾಪೆ ಕಿವಿಗೆ ಒಂದೇ ಥರ ಕೇಳುತ್ತೆ ಅಂತ ಲ್ಯಾಟಿನ್ ಕನ್ನಡದಿಂದ ಹುಟ್ಟಿತು ಅಂತ ಫಾರ್ವರ್ಡ್ ಮಾಡಬೇಡಿ ಪ್ಲೀಸ್. ಪಪ್ಪ ಪಾಪ ಅನ್ನೋದು ಮಕ್ಕಳ ಬಾಯಲ್ಲಿ ಎಲ್ಲಾ ಊರಲ್ಲೂ ಬರೋ ಸದ್ದು, ಗ್ರೀಕ್ ಕೋರೆಯಲ್ಲಿ ಆ ಸದ್ದೇ ಇಲ್ಲ ಆದ್ರೂ ಅರ್ಥ ಅದೇ. ಎಣಿಸಬೇಕಾದ್ದು ಅರ್ಥಾನ.

ಇದು ಹಿಡಿಸಿದ್ರೆ ಮುಂದೆ ಮಸಲ್ ತಗೊಳ್ಳಿ. ಲ್ಯಾಟಿನ್ ಮುಸ್ಕುಲುಸ್ ಅಂದ್ರೆ ಪುಟ್ಟ ಇಲಿ, ತೋಳು ಮಡಚಿ ಬಿಡಿಸಿ ಚರ್ಮದ ಕೆಳಗೆ ಏನು ಓಡಾಡುತ್ತೆ ನೋಡಿ.