ಕಡಿಮೆ ಖರ್ಚಿನಲ್ಲಿ ನಾಯಿಗೆ ಪೌಷ್ಟಿಕ ಊಟ: ನಾನು ಆರಿಸಿದ ರೀತಿ

ಡಾಗ್ ಫುಡ್ ಚೀಲದ ಬೆಲೆ ನೋಡಿ ಯಾವುದು ಅಗ್ಗ ಅಂತ ಹೇಳಲು ಆಗುವುದಿಲ್ಲ. ಮುಂದೆ ಬರೆದಿರುವುದೆಲ್ಲ ಈ ಒಂದು ಮಾತಿನ ವಿವರಣೆಯೇ. ನನ್ನ ನಾಯಿ 20 ಕೆಜಿ ತೂಗುತ್ತದೆ, ಸಂತಾನಹರಣ ಆಪರೇಷನ್ ಆಗಿದೆ, ಬೇರೆ ಕಾಯಿಲೆ ಇಲ್ಲ. ಅದರ ಊಟಕ್ಕೆ ತಿಂಗಳಿಗೆ ಇಷ್ಟೇ ದುಡ್ಡು ಅಂತ ಎತ್ತಿಟ್ಟಿರುತ್ತೇನೆ. ಅದನ್ನು ಮೀರಬಾರದು, ಹಾಗಂತ ನಾಯಿಯ ಹೊಟ್ಟೆಗೆ ಮೋಸವೂ ಆಗಬಾರದು. ಅದಕ್ಕಾಗಿ ಕ್ಯಾಲ್ಕುಲೇಟರ್ ಹಿಡಿದು ಕೂತೆ.

ನಾನು ಮೊದಲು ನೋಡುವುದು ಬೆಲೆಯನ್ನೂ ಅಲ್ಲ, ಚೀಲದ ಮುಂಭಾಗವನ್ನೂ ಅಲ್ಲ. ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಇದು ಸಂಪೂರ್ಣ, ಸಮತೋಲಿತ ಆಹಾರ, ಇಂಥ ವಯಸ್ಸಿನ ನಾಯಿಗೆ ಅಂತ. ಅಮೆರಿಕದಲ್ಲಿ ಆಫ್ಕೊ, ಯುರೋಪಿನಲ್ಲಿ ಫೆಡಿಯಾಫ್ ಅನ್ನುವ ಸಂಸ್ಥೆಗಳು ನಾಯಿಗೆ ಯಾವ ಪೋಷಕಾಂಶ ಕನಿಷ್ಠ ಎಷ್ಟು ಬೇಕು ಅಂತ ಪಟ್ಟಿ ಮಾಡಿವೆ. ಕಂಪನಿಗಳು ಆ ಪಟ್ಟಿಗೆ ಹೊಂದುವ ಹಾಗೆ ಆಹಾರ ಮಾಡಿದ್ದೇವೆ ಅಂತ ಬರೆಯುತ್ತವೆ. ಒಂದು ವಿಷಯ ಗೊತ್ತಿರಲಿ, ಆಫ್ಕೊ ಯಾವ ಆಹಾರಕ್ಕೂ ಮುದ್ರೆ ಒತ್ತಿ ಒಪ್ಪಿಗೆ ಕೊಡುವುದಿಲ್ಲ. ಆದರೂ ಆ ಸಾಲಿಗೆ ಬೆಲೆ ಇದೆ, ಯಾಕೆಂದರೆ ಅದು ಇಲ್ಲದ ಪ್ಯಾಕೆಟ್ ಸಾಮಾನ್ಯವಾಗಿ ತಿಂಡಿಯೋ ಮೇಲೊಗರವೋ ಆಗಿರುತ್ತದೆ, ದಿನದ ಊಟ ಅಲ್ಲ. ಆ ಸಾಲಿಲ್ಲದ ಚೀಲಗಳನ್ನು, ಎಷ್ಟೇ ಅಗ್ಗವಾಗಿರಲಿ, ಅಲ್ಲೇ ಪಕ್ಕಕ್ಕಿಟ್ಟೆ. ವಯಸ್ಸಿನ ಮಾತೂ ಮುಖ್ಯ. ಬೆಳೆಯುವ ಮರಿಗೆ ಒಣ ಲೆಕ್ಕದಲ್ಲಿ ಕನಿಷ್ಠ 22.5 ಶೇಕಡಾ ಪ್ರೋಟೀನ್ ಬೇಕು ಅನ್ನುತ್ತದೆ ಆಫ್ಕೊ, ಬೆಳೆದ ನಾಯಿಗೆ 18 ಸಾಕು.

ಒಣ ಲೆಕ್ಕ ಅಂದರೆ ನೀರನ್ನು ತೆಗೆದು ನೋಡುವುದು. ಡಬ್ಬಿಯಲ್ಲಿ ಬರುವ ವೆಟ್ ಫುಡ್ ಮೇಲೆ ಪ್ರೋಟೀನ್ 8 ಶೇಕಡಾ, ತೇವಾಂಶ 78 ಶೇಕಡಾ ಅಂತ ಇದೆ ಅಂದುಕೊಳ್ಳಿ. ನೀರು ಬಿಟ್ಟರೆ ಉಳಿಯುವುದು 22. ಆ 22ರಲ್ಲಿ 8 ಅಂದರೆ 36 ಶೇಕಡಾ ಆಯಿತು. ಡ್ರೈ ಫುಡ್‌ನಲ್ಲಿ 24 ಶೇಕಡಾ ಪ್ರೋಟೀನ್, 10 ಶೇಕಡಾ ತೇವಾಂಶ ಇದ್ದರೆ, 90ರಲ್ಲಿ 24, ಅಂದರೆ ಸುಮಾರು 27. ಲೇಬಲ್ ಮೇಲೆ 8 ಮತ್ತು 24 ನೋಡಿದವರಿಗೆ ಇದು ತಲೆಕೆಳಗಾಗಿ ಕಾಣಿಸುತ್ತದೆ, ಅಲ್ವಾ? ವೆಟ್ ಫುಡ್ ಕೆಟ್ಟದ್ದೇನಲ್ಲ. ಆದರೆ 20 ಕೆಜಿ ನಾಯಿಗೆ ಬರೀ ಅದನ್ನೇ ಕೊಟ್ಟರೆ ದಿನಕ್ಕೆ ಹೆಚ್ಚು ಕಡಿಮೆ ಒಂದು ಕೆಜಿ ಬೇಕಾಗುತ್ತದೆ, ನೀರಿಗೂ ಡಬ್ಬಿಗೂ ಸೇರಿಸಿ ದುಡ್ಡು ಕೊಡಬೇಕು. ಹಾಗಾಗಿ ನಾನು ಡ್ರೈ ಫುಡ್‌ಗೇ ನಿಂತೆ.

ಇನ್ನು ಪದಾರ್ಥಗಳ ಪಟ್ಟಿ. ಅದನ್ನು ತೂಕದ ಪ್ರಕಾರ ಬರೆದಿರುತ್ತಾರೆ, ಜಾಸ್ತಿ ಇರುವುದು ಮೊದಲು. ಆದರೆ ಆ ತೂಕ ಬೇಯಿಸುವ ಮುಂಚಿನದು. ಹಸಿ ಕೋಳಿಮಾಂಸದಲ್ಲಿ ಮುಕ್ಕಾಲು ಭಾಗದ ಹತ್ತಿರ ನೀರೇ ಇರುವುದರಿಂದ ಅದು ಸುಲಭವಾಗಿ ಪಟ್ಟಿಯ ತಲೆಗೆ ಬಂದು ಕೂರುತ್ತದೆ, ಒಣಗಿದ ಮೇಲೆ ಅದರ ಪಾಲು ತುಂಬಾ ಕಡಿಮೆ. ಚಿಕನ್ ಮೀಲ್ ಅಂತ ಬರೆದಿದ್ದರೆ ಅದು ಮೊದಲೇ ನೀರು, ಕೊಬ್ಬು ತೆಗೆದ ಪುಡಿ, ಅದರಲ್ಲಿ ಪ್ರೋಟೀನ್ ದಟ್ಟವಾಗಿರುತ್ತದೆ. ಮೀಲ್ ಅನ್ನುವ ಪದ ಕಂಡರೆ ಕಸ ಅಂತ ತಳ್ಳಿಹಾಕುವವರು ಇದ್ದಾರೆ, ನಾನು ಒಪ್ಪುವುದಿಲ್ಲ. ಕಡಿಮೆ ಬೆಲೆಯ ಒಳ್ಳೆಯ ಆಹಾರಗಳಲ್ಲಿ ಪ್ರೋಟೀನ್ ಬರುವುದೇ ಬಹುಮಟ್ಟಿಗೆ ಅದರಿಂದ. ಇನ್ನೊಂದು ಕಡೆ, ಬಟಾಣಿ, ಬಟಾಣಿ ಹಿಟ್ಟು, ಬಟಾಣಿ ಪ್ರೋಟೀನ್ ಅಂತ ಒಂದನ್ನೇ ಮೂರು ಕಡೆ ಒಡೆದು ಬರೆದಿದ್ದರೆ ಮೂರನ್ನೂ ಕೂಡಿಸಿ ನೋಡಿ. ಆಗ ಮೊದಲ ಸ್ಥಾನದಲ್ಲಿ ಇರುವುದು ಮಾಂಸವೋ ಬಟಾಣಿಯೋ ಗೊತ್ತಾಗುತ್ತದೆ. ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಇರುವ ಹೆಸರನ್ನೂ ಬಿಡಿಸಿ ಓದಬೇಕು. ಆಫ್ಕೊ ನಿಯಮದ ಪ್ರಕಾರ 'ವಿತ್ ಚಿಕನ್' ಅಂತ ಹಾಕಲು 3 ಶೇಕಡಾ ಕೋಳಿ ಇದ್ದರೂ ಸಾಕು. 'ಚಿಕನ್ ಫ್ಲೇವರ್' ಅಂದರೆ ಆ ರುಚಿ ಗುರುತಿಸುವಷ್ಟಿದ್ದರೆ ಆಯಿತು.

ಧಾನ್ಯ ಇಲ್ಲದ ಆಹಾರಕ್ಕೆ ಜಾಸ್ತಿ ದುಡ್ಡು ಕೊಡಬೇಕಾ ಅನ್ನುವ ಪ್ರಶ್ನೆ ನನಗೂ ಬಂದಿತ್ತು. ಬೇಡ ಅಂತ ತೀರ್ಮಾನಿಸಲು ಎರಡು ಕಾರಣಗಳಿವೆ. 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆ, ಪಿಷ್ಟ ಅರಗಿಸುವ ಅಮೈಲೇಸ್‌ನ ಜೀನ್ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಜಾಸ್ತಿ ಇವೆ ಅಂತ ತೋರಿಸಿತು. ಅಂದರೆ ಮನುಷ್ಯರ ಜೊತೆ ಬದುಕುತ್ತಾ ನಾಯಿ ನಮ್ಮ ಧಾನ್ಯಕ್ಕೆ ಒಗ್ಗಿಕೊಂಡಿದೆ, ಚೆನ್ನಾಗಿ ಬೇಯಿಸಿದ ಧಾನ್ಯವನ್ನು ಅರಗಿಸಿಕೊಳ್ಳುತ್ತದೆ. ಎರಡನೆಯದು, 2018ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬೇಳೆಕಾಳು, ಆಲೂಗಡ್ಡೆ ಜಾಸ್ತಿ ಇರುವ ಆಹಾರಕ್ಕೂ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧ ಇರಬಹುದಾ ಅಂತ ಪರಿಶೀಲನೆ ಶುರು ಮಾಡಿತು. ಆ ಆಹಾರಗಳಲ್ಲಿ ಬಹಳಷ್ಟು ಧಾನ್ಯ ಇಲ್ಲದವೇ ಆಗಿದ್ದವು. ಅದೇ ಕಾರಣ ಅಂತ ಸಾಬೀತಾಗಿಲ್ಲ. ಆದರೆ ನನ್ನ ನಾಯಿಗೆ ಧಾನ್ಯದ ಅಲರ್ಜಿ ಇಲ್ಲದಿರುವಾಗ, ಹೆಚ್ಚು ದುಡ್ಡು ಕೊಟ್ಟು ಆ ಅನುಮಾನವನ್ನು ಮನೆಗೆ ಯಾಕೆ ತರಲಿ?

ಲೇಬಲ್ ಮೇಲಿನ ಪ್ರೋಟೀನ್ ಅಂಕಿಯನ್ನೇ ಪೂರ್ತಿ ನಂಬಬಾರದು ಅನ್ನುವುದಕ್ಕೂ ಒಂದು ಕಾರಣ ಇದೆ. ಅದನ್ನು ನೇರವಾಗಿ ಅಳೆಯುವುದಿಲ್ಲ, ನೈಟ್ರೋಜನ್ ಅಳೆದು 6.25ರಿಂದ ಗುಣಿಸುತ್ತಾರೆ. 2007ರಲ್ಲಿ ಕಲಬೆರಕೆ ಮಾಡಿದವರು ಇದನ್ನೇ ಬಳಸಿಕೊಂಡರು. ಗೋಧಿ ಗ್ಲುಟೆನ್ (ಗೋಧಿಯ ಪ್ರೋಟೀನ್) ಹೆಸರಲ್ಲಿ ಮಾರಿದ ಪದಾರ್ಥಕ್ಕೆ ಮೆಲಮೈನ್ ಅನ್ನುವ, ಪ್ಲಾಸ್ಟಿಕ್ ಮಾಡಲು ಬಳಸುವ ರಾಸಾಯನಿಕ ಬೆರೆಸಿದ್ದರು. ಅದರಲ್ಲಿ ನೈಟ್ರೋಜನ್ ಜಾಸ್ತಿ, ಹಾಗಾಗಿ ಪರೀಕ್ಷೆಯಲ್ಲಿ ಪ್ರೋಟೀನ್ ಜಾಸ್ತಿ ಇದ್ದಂತೆ ಕಂಡಿತು. ಅದನ್ನು ತಿಂದು ಎಷ್ಟೋ ನಾಯಿ, ಬೆಕ್ಕುಗಳು ಕಿಡ್ನಿ ಹೋಗಿ ಸತ್ತವು. ಇದನ್ನು ಓದಿದ ಮೇಲೆ, ಆಹಾರ ಯಾರು ಮಾಡುತ್ತಾರೆ ಅನ್ನುವುದನ್ನೂ ಕೇಳಬೇಕು ಅನ್ನಿಸಿತು. ನನ್ನ ಪಟ್ಟಿಯಲ್ಲಿ ಉಳಿದಿದ್ದ ಕಂಪನಿಗಳಿಗೆ ಇಮೇಲ್ ಬರೆದೆ. ಪಾಕ ಸಿದ್ಧಮಾಡುವವರು ಪ್ರಾಣಿ ಪೋಷಣೆ ಓದಿದವರಾ, ಸ್ವಂತ ಕಾರ್ಖಾನೆ ಇದೆಯಾ, ಒಂದೊಂದು ಬ್ಯಾಚ್ ಪರೀಕ್ಷೆ ಮಾಡುತ್ತೀರಾ, ಕ್ಯಾಲ್ಸಿಯಂ ಮತ್ತು ರಂಜಕ ಎಷ್ಟಿದೆ. ಕೆಲವರು ಅಂಕಿ ಸಮೇತ ಉತ್ತರ ಕೊಟ್ಟರು. ಕೆಲವರು ಜಾಹೀರಾತಿನ ಸಾಲುಗಳನ್ನೇ ಕಳಿಸಿದರು, ಅವರನ್ನು ಪಟ್ಟಿಯಿಂದ ತೆಗೆದೆ. ಇಮೇಲ್‌ಗೆ ಖರ್ಚಿಲ್ಲ, ಖಂಡಿತ ಬರೆಯಿರಿ.

ಇಷ್ಟೆಲ್ಲ ದಾಟಿ ಬಂದವುಗಳಿಗೆ ಮಾತ್ರ ನಾನು ಬೆಲೆ ಲೆಕ್ಕ ಹಾಕಿದ್ದು. ನಾಯಿಗೆ ಬೇಕಾದದ್ದು ಶಕ್ತಿ, ಅಂದರೆ ಕ್ಯಾಲೊರಿ. ಗ್ರಾಂ ಅಲ್ಲ. ಹಾಗಾಗಿ ಮೊದಲು ನಾಯಿಗೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು ಅಂತ ತಿಳಿಯಬೇಕು. ಪಶುವೈದ್ಯರು ಬಳಸುವ ಸೂತ್ರ ಸುಲಭವಾಗಿದೆ, ಸಾಧಾರಣ ಕ್ಯಾಲ್ಕುಲೇಟರ್ ಸಾಕು. ನಾಯಿಯ ತೂಕವನ್ನು ಮೂರು ಸಲ ಗುಣಿಸಿ, 20 × 20 × 20, ಅಂದರೆ 8000. ಅದರ ವರ್ಗಮೂಲ ತೆಗೆಯಿರಿ, ಬಂದದ್ದರ ವರ್ಗಮೂಲ ಇನ್ನೊಂದು ಸಲ ತೆಗೆಯಿರಿ, ಸುಮಾರು 9.46 ಬರುತ್ತದೆ. ಅದನ್ನು 70ರಿಂದ ಗುಣಿಸಿದರೆ 662. ನಾಯಿ ಸುಮ್ನೆ ಮಲಗಿದ್ದರೂ ಖರ್ಚಾಗುವ ಕಿಲೋಕ್ಯಾಲೊರಿ ಅದು (ಮಾತಿನಲ್ಲಿ ಕ್ಯಾಲೊರಿ ಅನ್ನುವುದು ಇದನ್ನೇ). ಆಪರೇಷನ್ ಆದ ಬೆಳೆದ ನಾಯಿಗೆ ಅದನ್ನು 1.6ರಿಂದ, ಆಗದ ನಾಯಿಗೆ 1.8ರಿಂದ ಗುಣಿಸುತ್ತಾರೆ. ನನ್ನ ನಾಯಿಗೆ ಸುಮಾರು 1060 ಬಂತು. ಇದು ಶುರು ಮಾಡುವುದಕ್ಕೆ ಒಂದು ಅಂದಾಜು ಅಷ್ಟೇ, ನಾಯಿಯಿಂದ ನಾಯಿಗೆ ವ್ಯತ್ಯಾಸ ತುಂಬಾ ಇರುತ್ತದೆ.

ಕೊನೆಗೆ ಎರಡು ಆಹಾರ ಉಳಿದವು, ಎರಡೂ 12 ಕೆಜಿ ಚೀಲ. ಮೊದಲನೆಯದರಲ್ಲಿ ಕೆಜಿಗೆ 3300 ಕಿಲೋಕ್ಯಾಲೊರಿ, ಎರಡನೆಯದರಲ್ಲಿ 4000. ಮೊದಲನೆಯದರ ಬೆಲೆ 100 ಅಂತ ಇಟ್ಟುಕೊಂಡರೆ ಎರಡನೆಯದರದು 115. ನೋಡಿದ ತಕ್ಷಣ ಮೊದಲನೆಯದೇ ಅಗ್ಗ ಅನ್ನಿಸುತ್ತದೆ. ಆದರೆ ಅದು ದಿನಕ್ಕೆ 321 ಗ್ರಾಂ ಬೇಕು, ಚೀಲ 37 ದಿನಕ್ಕೆ ಮುಗಿಯುತ್ತದೆ. ಎರಡನೆಯದು 265 ಗ್ರಾಂ ಸಾಕು, 45 ದಿನ ಬರುತ್ತದೆ. ಸಾವಿರ ಕಿಲೋಕ್ಯಾಲೊರಿಗೆ ಎಷ್ಟು ಬೀಳುತ್ತದೆ ಅಂತ ನೋಡಿದರೆ, ದುಬಾರಿ ಚೀಲವೇ 5 ಶೇಕಡಾ ಅಗ್ಗ.

ಅಲ್ಲಿಗೆ ನಿಲ್ಲಿಸಲಿಲ್ಲ. ಪ್ರೋಟೀನನ್ನೂ ಅದೇ ಅಳತೆಗೆ ತಂದೆ. ಮೊದಲನೆಯದರಲ್ಲಿ 24 ಶೇಕಡಾ, ಎರಡನೆಯದರಲ್ಲಿ 26. ಮೇಲ್ನೋಟಕ್ಕೆ ಎರಡನೆಯದೇ ಮೇಲು. ಸಾವಿರ ಕಿಲೋಕ್ಯಾಲೊರಿಗೆ ಲೆಕ್ಕ ಹಾಕಿದಾಗ ಮೊದಲನೆಯದರಲ್ಲಿ 73 ಗ್ರಾಂ, ಎರಡನೆಯದರಲ್ಲಿ 65. ಎರಡನೆಯದರಲ್ಲಿ ಕೊಬ್ಬು ಜಾಸ್ತಿ, ಶಕ್ತಿಯ ದೊಡ್ಡ ಪಾಲು ಅದರಿಂದಲೇ ಬರುತ್ತದೆ. ಬೆಳೆದ ನಾಯಿಗೆ ಆಫ್ಕೊ ಹೇಳುವ ಕನಿಷ್ಠ 45 ಗ್ರಾಂ, ಹಾಗಾಗಿ ಎರಡೂ ಧಾರಾಳವಾಗಿ ಪಾಸು. ಆದರೆ ನನ್ನ ನಾಯಿ ಆಪರೇಷನ್ ಆದದ್ದು, ಬೇಗ ಮೈ ಬರುವ ಜಾತಿ, ತಟ್ಟೆ ಖಾಲಿಯಾದ ಮೇಲೂ ಮುಖ ನೋಡುತ್ತಾ ಕೂರುತ್ತದೆ. ಅದಕ್ಕೆ ಅದೇ ಕ್ಯಾಲೊರಿಯಲ್ಲಿ 56 ಗ್ರಾಂ ಜಾಸ್ತಿ ತಿನ್ನಲು ಸಿಗುವ ಮೊದಲನೆಯ ಆಹಾರವೇ ಸರಿ ಅನ್ನಿಸಿತು. 5 ಶೇಕಡಾ ಹೆಚ್ಚು ಕೊಡಲು ತಯಾರಾದೆ. ದಿನವಿಡೀ ಓಡುವ ತೆಳ್ಳಗಿನ ನಾಯಿ ಆಗಿದ್ದರೆ ಎರಡನೆಯದನ್ನೇ ತರುತ್ತಿದ್ದೆ.

ಚೀಲದ ಮೇಲೆ ಕ್ಯಾಲೊರಿ ಬರೆದಿಲ್ಲದಿದ್ದರೆ ನಾವೇ ಅಂದಾಜು ಮಾಡಬಹುದು. ಪ್ರೋಟೀನ್, ಕೊಬ್ಬು, ತೇವಾಂಶ, ನಾರು, ಬೂದಿ (ಆಹಾರ ಸುಟ್ಟ ಮೇಲೆ ಉಳಿಯುವ ಖನಿಜಾಂಶ) ಇವನ್ನು ಕೂಡಿಸಿ 100ರಿಂದ ಕಳೆಯಿರಿ, ಉಳಿದದ್ದು ಪಿಷ್ಟ, ಸಕ್ಕರೆಯ ಭಾಗ. ಆಮೇಲೆ ಪ್ರೋಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿಸಿದರೆ 100 ಗ್ರಾಂಗೆ ಎಷ್ಟು ಕಿಲೋಕ್ಯಾಲೊರಿ ಅಂತ ಸಿಗುತ್ತದೆ. ಬೂದಿ ಬರೆದಿಲ್ಲದಿದ್ದರೆ ಡ್ರೈ ಫುಡ್‌ಗೆ 8 ಹಿಡಿಯುತ್ತೇನೆ.

ನಿಜವಾದ ಉಳಿತಾಯ ಆಗುವುದು ಮಾತ್ರ ಅಂಗಡಿಯಲ್ಲಿ ಅಲ್ಲ, ಮನೆಯಲ್ಲಿ, ತೂಕ ಮಾಡುವಾಗ. ಲೋಟದಲ್ಲಿ ಅಳೆದರೆ ಒಂದು ದಿನ ಕಮ್ಮಿ, ಒಂದು ದಿನ ಜಾಸ್ತಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ ಹಾಕಿ. ಬೆಳಿಗ್ಗೆಯೇ ಇಡೀ ದಿನದ ಪಾಲು ತೂಗಿ ಒಂದು ಡಬ್ಬಿಗೆ ಹಾಕಿಡುತ್ತೇನೆ, ಮನೆಯಲ್ಲಿ ಯಾರು ಊಟ ಹಾಕಿದರೂ ಅದರಿಂದಲೇ. ದಿನಕ್ಕೆ 30 ಗ್ರಾಂ ಹೆಚ್ಚು ಬಿದ್ದರೆ ವರ್ಷಕ್ಕೆ ಹತ್ತಿರ ಹತ್ತಿರ 11 ಕೆಜಿ. ಒಂದು ಚೀಲ ಸುಮ್ನೆ ನಾಯಿಯ ಮೈಗೆ ಕೊಬ್ಬಾಗಿ ಸೇರುತ್ತದೆ. ದುಡ್ಡಿನ ಮಾತು ಬಿಡಿ, ಆಯಸ್ಸಿನ ಮಾತೂ ಇದೆ. 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಯಿಂದ ಕೊನೆಯವರೆಗೆ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಂದೇ ಸೂಲಿನ ಜೋಡಿಗಳಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25 ಶೇಕಡಾ ಕಡಿಮೆ ಊಟ. ಕಡಿಮೆ ತಿಂದು ತೆಳ್ಳಗಿದ್ದ ಗುಂಪು ಸುಮಾರು 1.8 ವರ್ಷ ಹೆಚ್ಚು ಬದುಕಿತು, ಕೀಲುನೋವೂ ಅವಕ್ಕೆ ತಡವಾಗಿ ಬಂತು. ಇದಕ್ಕಿಂತ ಅಗ್ಗದ ಔಷಧಿ ನನಗೆ ಗೊತ್ತಿಲ್ಲ. ನಾಯಿಯ ಪಕ್ಕೆಲುಬಿನ ಮೇಲೆ ಕೈಯಾಡಿಸಿ. ಒತ್ತದೆಯೇ ಎಲುಬು ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಸಿಗದಿದ್ದರೆ 10 ಶೇಕಡಾ ಕಡಿಮೆ ಮಾಡಿ, ಎರಡು ವಾರ ಬಿಟ್ಟು ತೂಕ ನೋಡಿ.

ಮನೆಯಲ್ಲೇ ಅನ್ನ, ಮಾಂಸ ಬೇಯಿಸಿ ಹಾಕಿದರೆ ಇನ್ನೂ ಅಗ್ಗ ಅಲ್ವಾ ಅಂತ ಕೇಳುವವರು ತುಂಬಾ ಜನ. ಹೊಟ್ಟೆ ತುಂಬುತ್ತದೆ ನಿಜ. ಆದರೆ ಬರೀ ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅದು ಹೀಗೇ ಮುಂದುವರಿದರೆ ದೇಹ ಎಲುಬಿನಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನ ಸಂಶೋಧಕರು 2013ರಲ್ಲಿ 200 ಮನೆಯಡುಗೆ ಪಾಕಗಳನ್ನು ಪರೀಕ್ಷಿಸಿದಾಗ 95 ಶೇಕಡಾ ಪಾಕಗಳಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕಡಿಮೆ ಇತ್ತು. ಸರಿಯಾದ ಪಾಕಕ್ಕೆ ತಜ್ಞರ ಸಲಹೆ, ವಿಟಮಿನ್ ಖನಿಜಗಳ ಪುಡಿ ಎಲ್ಲ ಸೇರಿದರೆ ಅಗ್ಗ ಅನ್ನುವ ಮಾತು ಉಳಿಯುವುದಿಲ್ಲ. ನಾನು ಮಾಡುವುದು ಇಷ್ಟು: ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ಬೇಯಿಸಿದ ಮೊಟ್ಟೆ, ಕ್ಯಾರೆಟ್, ಕುಂಬಳಕಾಯಿ ಇಂಥದ್ದು, ಅಷ್ಟಕ್ಕೆ ತಕ್ಕಂತೆ ಡ್ರೈ ಫುಡ್ ಕಡಿಮೆ. ಪೊಟ್ಟಣದ ಬಿಸ್ಕತ್ತು ತರುವುದಿಲ್ಲ. ತರಬೇತಿಗೆ ಅದೇ ಊಟದ ಕಾಳು ಸಾಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್, ಜೈಲಿಟಾಲ್ (ಸಕ್ಕರೆಗೆ ಬದಲಿ) ಹಾಕಿದ ಸಿಹಿ, ಬೇಯಿಸಿದ ಎಲುಬು, ಇವು ಬೇಡವೇ ಬೇಡ.

ದುಡ್ಡು ಉಳಿಸಲು ಹೋಗಬಾರದ ಕಡೆಗಳೂ ಇವೆ. ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಮೂಳೆ ಬೆಳವಣಿಗೆ ಕೆಡುತ್ತದೆ. ಆಫ್ಕೊ ಅದಕ್ಕೆ ಒಣ ಲೆಕ್ಕದಲ್ಲಿ 1.8 ಶೇಕಡಾ ಮೇಲಿನ ಮಿತಿ ಹಾಕಿದೆ. ಹಾಗಾಗಿ ದೊಡ್ಡ ತಳಿಯ ಮರಿಗೆ ಅಂತಲೇ ಬರೆದಿರುವುದನ್ನು ತನ್ನಿ. ಕಿಡ್ನಿ, ಮೇದೋಜೀರಕದ ತೊಂದರೆ ಇರುವ ನಾಯಿಗೆ ಡಾಕ್ಟರು ಹೇಳಿದ್ದೇ ಊಟ, ಅಲ್ಲಿ ನನ್ನ ಲೆಕ್ಕ ನಡೆಯುವುದಿಲ್ಲ.

ದೊಡ್ಡ ಚೀಲ ಅಗ್ಗ ಅಂತ ತರುವ ಮುಂಚೆ ಅದು ಎಷ್ಟು ದಿನಕ್ಕೆ ಮುಗಿಯುತ್ತದೆ ನೋಡಿ. ಒಡೆದ ಚೀಲ ಆರು ವಾರದೊಳಗೆ ಖಾಲಿಯಾಗುವಂತಿರಲಿ, ಆಮೇಲೆ ಕೊಬ್ಬು ಕಮಟಲು ಶುರುವಾಗುತ್ತದೆ. ಸಣ್ಣ ನಾಯಿ ಒಂದೇ ಇದ್ದರೆ ಸಣ್ಣ ಚೀಲವೇ ಲಾಭ, ಇಲ್ಲದಿದ್ದರೆ ಇನ್ನೊಬ್ಬರ ಜೊತೆ ಹಂಚಿಕೊಳ್ಳಿ. ಕಾಳನ್ನು ಪ್ಲಾಸ್ಟಿಕ್ ಡಬ್ಬಿಗೆ ಸುರಿಯಬೇಡಿ, ಚೀಲದ ಸಮೇತ ಡಬ್ಬಿಯೊಳಗೆ ಇಡಿ. ಆಗ ಬ್ಯಾಚ್ ನಂಬರೂ ಉಳಿಯುತ್ತದೆ, ಡಬ್ಬಿಗೆ ಮೆತ್ತಿದ ಹಳೆಯ ಎಣ್ಣೆ ಹೊಸ ಕಾಳಿಗೆ ಹತ್ತುವುದೂ ಇಲ್ಲ.

ಹೊಸ ಆಹಾರಕ್ಕೆ ಬದಲಾಯಿಸುವಾಗ ಒಂದು ವಾರದಿಂದ ಹತ್ತು ದಿನ ಹಳೆಯದರ ಜೊತೆ ಬೆರೆಸಿ, ಸ್ವಲ್ಪ ಸ್ವಲ್ಪವೇ ಪಾಲು ಹೆಚ್ಚಿಸುತ್ತೇನೆ. ಕಕ್ಕ ಗಟ್ಟಿಯಾಗಿದೆಯಾ, ತುರಿಕೆ ಇದೆಯಾ, ಕೂದಲು ಮಂಕಾಗಿದೆಯಾ ಅಂತ ಎರಡು ತಿಂಗಳು ನೋಡುತ್ತೇನೆ. ಕಕ್ಕದ ಪ್ರಮಾಣ ತುಂಬಾ ಜಾಸ್ತಿಯಾದರೆ ತಿಂದದ್ದು ಸರಿಯಾಗಿ ಅರಗುತ್ತಿಲ್ಲ ಅಂತ ಅನುಮಾನಿಸಬೇಕು, ಆಗ ಕಾಗದದ ಮೇಲೆ ಅಗ್ಗ ಅನ್ನಿಸಿದ್ದು ನಿಜಕ್ಕೂ ಅಗ್ಗವಲ್ಲ. ಕಂಪನಿಗಳು ಅದೇ ಹೆಸರಲ್ಲಿ ಪಾಕ ಬದಲಾಯಿಸುವುದೂ ಉಂಟು. ಅದಕ್ಕೇ ಪ್ರತಿ ಚೀಲದ ಹಿಂಭಾಗದ ಫೋಟೋ ತೆಗೆದಿಟ್ಟುಕೊಂಡಿದ್ದೇನೆ. ಹೊಸ ಚೀಲ ಬಂದಾಗ ಹಳೆಯ ಫೋಟೋ ಜೊತೆ ಹೋಲಿಸಿ, ಕ್ಯಾಲೊರಿ ಬದಲಾಗಿದ್ದರೆ ಗ್ರಾಂ ಲೆಕ್ಕವನ್ನೂ ಅಂದೇ ತಿದ್ದುತ್ತೇನೆ.