ಪುಡಿ ಇಲ್ಲದ ಮೆಣಸಿನ ಗಿಡ: ನನ್ನ ಅನುಭವ

ಮೆಣಸಿನಕಾಯಿ ಹೈಬ್ರಿಡ್ ಬೀಜೋತ್ಪಾದನೆ ಮಾಡಿದವರಿಗೆ ಸಂಜೆ ಮೊಗ್ಗು ಬಿಡಿಸುವ (ಹೂವಿಗೆ ಅದರದ್ದೇ ಪುಡಿ, ಅಂದರೆ ಪರಾಗ, ತಗಲದಂತೆ ಕೇಸರ ಕೀಳುವ) ಕೂಲಿ ಎಷ್ಟಾಗುತ್ತದೆ ಅಂತ ಹೇಳಬೇಕಾಗಿಲ್ಲ. ನನ್ನ ಹತ್ತು ಗುಂಟೆ ನೆಟ್‌ಹೌಸಿಗೆ ಅದೊಂದಕ್ಕೇ ಸೀಸನ್ನಿಗೆ ಸುಮಾರು 70 ಸಾವಿರ ಹೋಗುತ್ತಿತ್ತು. 2024ರಲ್ಲಿ ಆ ಖರ್ಚು ಸೊನ್ನೆ. ಗೌರಿಬಿದನೂರು ಕಡೆ ನನ್ನನ್ನು ನೋಡಿ ನಕ್ಕವರೇ ಈಗ ಬಂದು ಕೇಳುತ್ತಿದ್ದಾರೆ.

ಶುರುವಾಗಿದ್ದು 2018ರಲ್ಲಿ. ನಾನೇ ಏಳೆಂಟು ವರ್ಷ ಆರಿಸಿಕೊಂಡು ಬಂದಿದ್ದ ತಳಿಯಲ್ಲಿ ಒಂದು ಗಿಡ ಮೈತುಂಬ ಹೂ ಬಿಟ್ಟಿತ್ತು, ಕಾಯಿ ಮಾತ್ರ ಕಚ್ಚಿರಲಿಲ್ಲ. ಔಷಧಿ ಅಂಗಡಿಯವನು ‘ರೋಗ ಕಣಣ್ಣ, ಕಿತ್ತು ಬಿಸಾಕು’ ಅಂದ. ರೋಗ ಆಗಿದ್ದರೆ ಎಲೆಯಾದರೂ ಮುದುರಬೇಕಿತ್ತಲ್ವಾ? ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅದರ ಹೂವನ್ನು ಮೊಬೈಲ್ ಗಾಜಿನ ಮೇಲೆ ಉಜ್ಜಿದೆ. ಪಕ್ಕದ ಗಿಡದ ಹೂ ಹಳದಿ ಗೀರು ಬಿಟ್ಟಿತು. ಇದು ಬರೀ ತೇವ ಬಿಟ್ಟಿತು. ಕೇಸರ ನೋಡಿದರೆ ಸಣಕಲು, ನುಚ್ಚಿನ ಹಾಗೆ ಸುರುಟಿಕೊಂಡಿತ್ತು. ಪಕ್ಕದ ಗಿಡದ ಪುಡಿ ಮುಟ್ಟಿಸಿದ ಮೇಲೆ ವಾರದೊಳಗೆ ಕಾಯಿ ಕಚ್ಚಿತು. ಹೆಣ್ಣಿನ ಕಡೆ ಎಲ್ಲಾ ಸರಿ ಇದೆ, ಕೊರತೆ ಗಂಡಿನದು.

ಆ ಬೀಜ ಬಿತ್ತಿದರೆ ನಲವತ್ತಕ್ಕೆ ನಲವತ್ತೂ ಗಿಡದಲ್ಲಿ ಪುಡಿ! ‘ಕಾಯಿ ಬಿಡದ ಗಿಡಕ್ಕೆ ಡ್ರಿಪ್ ಬೇರೆ ಕೇಡು’ ಅಂತ ನಮ್ಮನೆಯವಳು ಅಂದಳು. ನಾನೂ ಬಿಟ್ಟುಬಿಡುತ್ತಿದ್ದೆ. ಯಾಕೋ ಮೆಂಡೆಲ್‌ನ ಬಟಾಣಿ ಲೆಕ್ಕ ನೆನಪಾಯ್ತು, ಮೊದಲ ಪೀಳಿಗೆಯಲ್ಲಿ ಅಡಗಿದ ಗುಣ ಎರಡನೆಯದರಲ್ಲಿ ಹೊರಬರುತ್ತದೆ ಅನ್ನೋದು. ಆ ನಲವತ್ತರ ಹೂವಿಗೆ ಚೀಲ ಕಟ್ಟಿ, ಅವುಗಳದ್ದೇ ಪುಡಿಯಿಂದಾದ ಬೀಜ ತೆಗೆದು 2020ರಲ್ಲಿ ಇನ್ನೂರು ಚಿಲ್ಲರೆ ಗಿಡ ಬೆಳೆಸಿದೆ. ಲಾಕ್‌ಡೌನ್, ಬೇರೆ ಕೆಲಸ ಇರಲಿಲ್ಲ, ಎಣಿಸುತ್ತಾ ಕೂತೆ. ಐವತ್ತರ ಆಸುಪಾಸು ಗಿಡ ಪುಡಿ ಇಲ್ಲದವು. ನಾಲ್ಕರಲ್ಲಿ ಒಂದು. ಒಂದೇ ಜೀನ್, ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುವಂಥದ್ದು.

ಕಷ್ಟ ಶುರುವಾಗಿದ್ದು ಆಮೇಲೆ. ಈ ಹೆಣ್ಣನ್ನು ಉಳಿಸಿಕೊಳ್ಳಬೇಕಾದರೆ ಜೀನ್ ಬಚ್ಚಿಟ್ಟುಕೊಂಡಿರುವ ಗಂಡು ಬೇಕು. ಪುಡಿ ಇರುವ ಮೂರರಲ್ಲಿ ಎರಡು ಅಂಥವೇ, ಆದರೆ ನೋಡಲು ಎಲ್ಲಾ ಒಂದೇ. ಯಾವುದರ ಮರಿಗಳಲ್ಲಿ ಪುಡಿ ಇಲ್ಲದವು ಬರುತ್ತವೆ ಅಂತ ನೋಡಲು ಒಂದೊಂದನ್ನೂ ಹೆಣ್ಣು ಗಿಡದ ಜೊತೆ ಬೇರೆ ಬೇರೆ ಕ್ರಾಸ್ ಮಾಡಿ ಲೇಬಲ್ ಕಟ್ಟಿದೆ. 2021ರ ನವೆಂಬರ್ ಮಳೆ ನೆನಪಿದೆಯಲ್ಲ, ಲೇಬಲ್ ಮೇಲಿನ ಮಾರ್ಕರ್ ಇಂಕೆಲ್ಲಾ ತೊಳೆದುಹೋಯ್ತು. ಇಪ್ಪತ್ತೈದು ಸಾವಿರ, ಒಂದು ವರ್ಷ, ಎರಡೂ ನೀರುಪಾಲು. ಈಗ ತಗಡಿನ ಮೇಲೆ ಮೊಳೆಯಲ್ಲಿ ಗೀಚುತ್ತೇನೆ.

ಆ ಮಧ್ಯೆ ಇನ್ನೊಂದು ಹುಚ್ಚಾಟ. ಗೆಳೆಯನೊಬ್ಬ ಸಿಎಂಎಸ್ (ಪುಡಿ ಇಲ್ಲದ ಗುಣ ತಾಯಿ ಕಡೆಯಿಂದಲೇ ಬರುವ ಇನ್ನೊಂದು ಬಗೆ) ಹೆಣ್ಣು ತಳಿಯ ಒಂದಿಷ್ಟು ಬೀಜ ಕೊಟ್ಟಿದ್ದ. (ಮೆಣಸಿನಕಾಯಿಯ ಆ ಸಿಎಂಎಸ್ ಅನ್ನು 1958ರಲ್ಲಿ ವರದಿ ಮಾಡಿದ್ದು ಅಮೆರಿಕದ ವಿಜ್ಞಾನಿ ಪೀಟರ್‌ಸನ್. ಸಿಕ್ಕಿದ್ದು ಮಾತ್ರ ಇಂಡಿಯಾದಿಂದ ಹೋದ ಬೀಜದಲ್ಲಿ!) ಅದಕ್ಕೆ ದಪ್ಪ ಬಜ್ಜಿ ಮೆಣಸಿನಕಾಯಿ ಬರಲಿ ಅಂತ ಕ್ಯಾಪ್ಸಿಕಂ ಪುಡಿ ಮುಟ್ಟಿಸಿದೆ. ಹುಟ್ಟಿದ ಹೈಬ್ರಿಡ್ ಸೊಂಟದೆತ್ತರ ಬೆಳೆಯಿತು, ಬೆಳ್ಳಗೆ ಹೂ ಸುರಿಯಿತು, ಕಾಯಿ ಇಲ್ಲ. ಪುಡಿಯನ್ನು ವಾಪಸ್ ತರುವ ಜೀನ್ ದಪ್ಪ ಮೆಣಸಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನನ್ನ ಗಿಡಕ್ಕೆ ಆ ತಾಪತ್ರಯವಿಲ್ಲ. ಮಾಮೂಲಿ ಗಂಡು ಯಾವುದನ್ನೇ ಹಾಕಿ, ಹೈಬ್ರಿಡ್‌ನಲ್ಲಿ ಪುಡಿ ಬಂದೇ ಬರುತ್ತದೆ.

ಬದಲಿಗೆ ಬೇರೆ ತಲೆನೋವಿದೆ. ಜೀನ್ ಬಚ್ಚಿಟ್ಟುಕೊಂಡ ಗಂಡಿನಿಂದಲೇ ಹೆಣ್ಣಿನ ಬೀಜ ಮಾಡುವುದರಿಂದ ಈ ತಳಿಯಲ್ಲಿ ಪ್ರತಿ ಸಲ ಅರ್ಧ ಗಿಡ ಪುಡಿ ಇರುವವೇ ಹುಟ್ಟುತ್ತವೆ, ಮೊದಲ ಹೂವಿನಲ್ಲೇ ನೋಡಿ ಕೀಳಬೇಕು. 2023ರಲ್ಲಿ ಒಂದು ಗುಣಿಗೆ ಎರಡು ಸಸಿ ನೆಟ್ಟೆ, ಒಂದು ಕಿತ್ತರೆ ಒಂದು ಉಳಿಯುತ್ತದೆ ಅಂತ ದಡ್ಡ ಲೆಕ್ಕ. ಕಾಲು ಭಾಗ ಗುಣಿಯಲ್ಲಿ ಎರಡೂ ಪುಡಿ ಗಿಡ, ಎರಡನ್ನೂ ಕಿತ್ತು ಗುಣಿ ಖಾಲಿ. ಸಾಲದ್ದಕ್ಕೆ, ಕೀಳುವ ಮುಂಚೆ ಅರಳಿದ್ದ ಹೂವನ್ನು ಹೆಣ್ಣು ಗಿಡದಿಂದ ತೆಗೆದಿರಲಿಲ್ಲ. ಜೇನು ಹೇಗೋ ಒಳಗೆ ನುಗ್ಗಿ ಕೆಲಸ ಮುಗಿಸಿತ್ತು. ಗ್ರೋಔಟ್‌ನಲ್ಲಿ (ಬೀಜ ಬಿತ್ತಿ ಶುದ್ಧವೇ ಅಂತ ನೋಡುವ ಪರೀಕ್ಷೆ) ನೂರಕ್ಕೆ ಆರೇಳು ಗಿಡ ಬೇರೆ ಬಂದವು, ಬೀಜ ಕೊಂಡವರು ಮೂವತ್ತು ಸಾವಿರ ಮುರಿದುಕೊಂಡರು.

ಮುಂದಿನ ವರ್ಷ ಗುಣಿಗೆ ಮೂರು ಸಸಿ. ಖಾಲಿ ಗುಣಿ ಎಂಟಕ್ಕೆ ಒಂದಕ್ಕೆ ಇಳಿಯಿತು. ಜಾಸ್ತಿ ಸಸಿಗೆ ನಾಲ್ಕು ಸಾವಿರದೊಳಗೆ ಖರ್ಚು. ಹತ್ತು ಹನ್ನೆರಡು ದಿನ ಬೆಳಿಗ್ಗೆ ನಾನೇ ಸಾಲು ಸುತ್ತಿ ಕಿತ್ತೆ, ಉಳಿದ ಗಿಡದಲ್ಲಿ ಅರಳಿದ ಹೂವೆಲ್ಲಾ ಉದುರಿಸಿದೆ. ಆಮೇಲೆ ಹೆಣ್ಣಾಳುಗಳು ಬೆಳಿಗ್ಗೆ ಮಾತ್ರ ಬಂದು ಪುಡಿ ಮುಟ್ಟಿಸಿ ದಾರ ಕಟ್ಟಿ ಹೋದರು. 22 ಕೆಜಿ ಚಿಲ್ಲರೆ ಬೀಜ ಬಂತು, ಗ್ರೋಔಟ್ ಪಾಸ್.

ಮೊಗ್ಗು ಬೆಳ್ಳಗಾಗುವ ಮುಂಚೆಯೇ ಯಾವ ಗಿಡ ಯಾವುದು ಅಂತ ಈಗ ಹತ್ತಕ್ಕೆ ಎಂಟು ಸಲ ಹೇಳುತ್ತೇನೆ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಬಜ್ಜಿ ಮೆಣಸಿನ ಆಸೆ ಇನ್ನೂ ಬಿಟ್ಟಿಲ್ಲ. ಈ ಜೀನನ್ನೇ ಅದಕ್ಕೆ ಸೇರಿಸಿ ಎರಡನೇ ಪೀಳಿಗೆಯ ಸಸಿ ಟ್ರೇಯಲ್ಲಿ ಬೆಳೆಸಿದ್ದೇನೆ. ನಾಟಿ ಮಾಡಿ ಹೂ ಬಂದ ಮೇಲೆ ಮತ್ತೆ ಮೊಬೈಲ್ ಗಾಜು ಹಿಡಿದು ಎಣಿಸಬೇಕು.